ಕರೆಯೋಲೆಯಿಂದ ಕಾಯುವಿಕೆಗೆ: ಬೆಂಗಳೂರಿನ ತಂತ್ರಜ್ಞಾನ ಉದ್ಯೋಗ ಮತ್ತು ಹೊರ ಊರಿನ ಎಂಜಿನಿಯರು

‘ಕೆಟ್ಟು ಪಟ್ಟಣ ಸೇರು’ ಎಂಬುದು ಕನ್ನಡದ ಹಳೆಯ ಗಾದೆ. ಊರಿನಲ್ಲಿ ಬದುಕು ಕೆಟ್ಟವನಿಗೆ ಪಟ್ಟಣವೇ ಕೊನೆಯ ಆಸರೆ ಎಂಬ ಲೋಕಾನುಭವ ಇದರ ಹಿಂದಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕರ್ನಾಟಕದ ಹಳ್ಳಿ ಹಾಗೂ ಜಿಲ್ಲಾ ಕೇಂದ್ರಗಳಿಂದ ಬೆಂಗಳೂರಿಗೆ ಬಂದ ಎಂಜಿನಿಯರಿಂಗ್ ಪದವೀಧರರ ವಲಸೆಗೆ ಈ ಗಾದೆ ಹೊಂದುವುದಿಲ್ಲ. ಇವರು ಊರಿನಲ್ಲಿ ಹೆಚ್ಚು ಓದಿದವರು; ಓದಿದ ಕಾರಣಕ್ಕೇ ಊರು ಬಿಡಬೇಕಾದವರು. ಬೆಂಗಳೂರಿನ ಕೈಗಾರಿಕೆಯ ಚರಿತ್ರೆಯು ಸಾಮಾನ್ಯವಾಗಿ ಕಾರ್ಖಾನೆಗಳ ಸ್ಥಾಪನೆ, ಸರ್ಕಾರದ ನೀತಿ ಹಾಗೂ ಕಂಪನಿಗಳ ಬೆಳವಣಿಗೆಯ ಮೂಲಕ ನಿರೂಪಿತವಾಗುತ್ತದೆ. ಆ ಕಾರ್ಖಾನೆಯ ಬಾಗಿಲವರೆಗೆ ಹೊರ ಊರಿನ ಅಭ್ಯರ್ಥಿ ಹೇಗೆ ತಲುಪಿದನು, ಕೆಲಸ ಸಿಗುವವರೆಗೆ ಎಲ್ಲಿ ಉಳಿದನು, ಯಾರ ನೆರವಿನಿಂದ ಉಂಡನು ಎಂಬ ಪ್ರಶ್ನೆಗಳೂ ಅಷ್ಟೇ ಮುಖ್ಯವಾದವು. ಈ ನೆಲೆಯಿಂದ ನೋಡಿದಾಗ ಉದ್ಯೋಗದ ಹುಡುಕಾಟ ಎರಡು ಘಟ್ಟಗಳಾಗಿ ಕಾಣುತ್ತದೆ. ಕರೆಯೋಲೆ ಬಂದ ಮೇಲೆ ನಗರಕ್ಕೆ ಹೋಗುತ್ತಿದ್ದ ಕಾಲ ಮೊದಲನೆಯದು. ನಗರಕ್ಕೆ ಹೋಗಿ ಕರೆಗಾಗಿ ಕಾಯಬೇಕಾಗಿ ಬಂದ ಕಾಲ ಎರಡನೆಯದು.

ಕರೆಯೋಲೆಯ ಕಾಲ

ಬೆಂಗಳೂರಿನಲ್ಲಿ ತಾಂತ್ರಿಕ ಶಿಕ್ಷಣದ ಬುನಾದಿ ಮೈಸೂರು ಸಂಸ್ಥಾನದ ಕಾಲದ್ದು. ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ 1917ರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1940ರಲ್ಲಿ ಸಂಸ್ಥಾನದ ಸಹಭಾಗಿತ್ವದಲ್ಲಿ ವಾಲ್‌ಚಂದ್ ಹೀರಾಚಂದರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ ಐ.ಟಿ.ಐ. (1948), ಎಚ್.ಎಂ.ಟಿ. (1953) ಮತ್ತು ಬಿ.ಇ.ಎಲ್. (1954) ಸಂಸ್ಥೆಗಳು ಬಂದವು. ಜಾಲಹಳ್ಳಿ, ದೂರವಾಣಿ ನಗರ ಮೊದಲಾದ ಕಡೆ ಈ ಸಂಸ್ಥೆಗಳ ವಸತಿ ಬಡಾವಣೆಗಳು ಬೆಳೆದವು. ಇಲ್ಲಿ ಕೆಲಸ ಎಂದರೆ ಸಂಬಳದ ಜೊತೆಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಮತ್ತು ಕಾರ್ಖಾನೆಯ ಬಸ್ಸು ಎಂದೇ ಅರ್ಥವಾಗಿತ್ತು.

1956ರ ರಾಜ್ಯ ಪುನರ್ವಿಂಗಡಣೆಯ ಪರಿಣಾಮವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅಲ್ಲಿಯವರೆಗೆ ಧಾರವಾಡ, ಬೆಳಗಾವಿ ಭಾಗದವರಿಗೆ ದೊಡ್ಡ ನಗರವೆಂದರೆ ಪುಣೆ ಅಥವಾ ಮುಂಬಯಿ. ಕಲಬುರಗಿ ಭಾಗದವರಿಗೆ ಹೈದರಾಬಾದ್ ಅಥವಾ ಸೊಲ್ಲಾಪುರ. ನೆಂಟರು, ಪರಿಚಿತರು, ಉಳಿಯುವ ಮನೆಗಳು ಇದ್ದುದು ಆ ನಗರಗಳಲ್ಲಿ. ಆಡಳಿತದ ದೃಷ್ಟಿಯಿಂದ ಬೆಂಗಳೂರು ಒಂದೇ ದಿನದಲ್ಲಿ ಇವರ ರಾಜಧಾನಿಯಾಯಿತು. ಆದರೆ ಅಲ್ಲಿ ಹೋಗಿ ಇಳಿಯಬಹುದಾದ ಮನೆಗಳು ಒಂದೇ ದಿನದಲ್ಲಿ ಹುಟ್ಟಲಿಲ್ಲ. ಹಳೆಯ ಮೈಸೂರು ಭಾಗದವರಿಗೆ ಹಿಂದಿನಿಂದಲೇ ಇದ್ದ ಈ ನಂಟನ್ನು ಉತ್ತರದ ಜಿಲ್ಲೆಗಳವರು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.

ಇದೇ ಕಾಲಕ್ಕೆ ಎಂಜಿನಿಯರಿಂಗ್ ಕಾಲೇಜುಗಳು ಜಿಲ್ಲೆಗಳಿಗೆ ಹಬ್ಬಿದವು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು 1947ರಲ್ಲಿ, ದಾವಣಗೆರೆಯ ಬಿ.ಡಿ.ಟಿ. ಕಾಲೇಜು 1951ರಲ್ಲಿ, ಕಲಬುರಗಿಯ ಪಿ.ಡಿ.ಎ. ಕಾಲೇಜು 1958ರಲ್ಲಿ, ಸುರತ್ಕಲ್ಲಿನ ಕೆ.ಆರ್.ಇ.ಸಿ. 1960ರಲ್ಲಿ, ಬಾಗಲಕೋಟೆಯ ಬಸವೇಶ್ವರ ಕಾಲೇಜು 1963ರಲ್ಲಿ ಆರಂಭವಾದವು. ಹೀಗೆ ಓದು ಊರಿನ ಹತ್ತಿರಕ್ಕೆ ಬಂದಿತು. ಉದ್ಯೋಗ ಮಾತ್ರ ರಾಜಧಾನಿಯಲ್ಲಿ ನೆಲೆನಿಂತಿತು.

ಈ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಅಂಚೆ. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಗಳಿಗೆ ಕಡ್ಡಾಯವಾಗಿ ತಿಳಿಸಬೇಕೆಂಬ 1959ರ ಕಾಯಿದೆ 1960ರಲ್ಲಿ ಜಾರಿಗೆ ಬಂದಿತು. ಪದವೀಧರನು ತನ್ನ ಜಿಲ್ಲೆಯಲ್ಲಿಯೇ ಹೆಸರು ನೋಂದಾಯಿಸಬಹುದಾಗಿತ್ತು. ದಿನಪತ್ರಿಕೆಗಳ ಜಾಹೀರಾತನ್ನು ಊರಿನ ವಾಚನಾಲಯದಲ್ಲಿ ಓದಿ ಅರ್ಜಿ ಹಾಕಬಹುದಾಗಿತ್ತು. ಸಂದರ್ಶನಕ್ಕೆ ಕರೆಸಿದವರಿಗೆ ರೈಲು ವೆಚ್ಚ ಕೊಡುವ ಪದ್ಧತಿ ಅನೇಕ ಸಾರ್ವಜನಿಕ ಉದ್ದಿಮೆಗಳಲ್ಲಿತ್ತು. 1961ರ ಅಪ್ರೆಂಟಿಸ್ ಕಾಯಿದೆಯನ್ನು 1973ರಲ್ಲಿ ತಿದ್ದುಪಡಿ ಮಾಡಿ ಎಂಜಿನಿಯರಿಂಗ್ ಪದವೀಧರರನ್ನೂ ಅದರ ವ್ಯಾಪ್ತಿಗೆ ತಂದದ್ದರಿಂದ, ತರಬೇತಿಯ ಅವಧಿಯಲ್ಲಿ ನಗರದಲ್ಲಿ ಉಳಿಯಲು ಅಷ್ಟಿಷ್ಟು ಭತ್ಯೆಯೂ ದೊರೆಯತೊಡಗಿತು.

ಈ ವ್ಯವಸ್ಥೆ ಎಲ್ಲರಿಗೂ ತೆರೆದಿತ್ತೆಂದು ಹೇಳಲಾಗದು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಸಲ್ಲಿಸುವ ಅಗತ್ಯವಿಲ್ಲವೆಂದು ಇದ್ದುದನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡು ಬರೆದರು. ಕಂಪನಿಯ ಖರ್ಚಿನಲ್ಲಿ ಪುಣೆಗೆ ಸಂದರ್ಶನಕ್ಕೆ ಕರೆ ಬಂದಿತು, ಕೆಲಸವೂ ದೊರೆಯಿತು. ಅವರೇ ಬರೆದಿರುವ ಈ ಪ್ರಸಂಗ ಇಂದು ಕಥೆಯಂತೆ ಬಾಯಿಂದ ಬಾಯಿಗೆ ಹರಡಿದೆ. ಆ ಕಾಲದ ಎರಡು ಸಂಗತಿಗಳನ್ನು ಅದು ಒಟ್ಟಿಗೆ ತೋರಿಸುತ್ತದೆ. ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು ಎಂಬುದು ಒಂದು. ದೂರದಿಂದ ಬರೆದ ಒಂದು ಕಾರ್ಡಿನಿಂದಲೂ ಕರೆ ಬರುವ ಸಾಧ್ಯತೆ ಇತ್ತು ಎಂಬುದು ಇನ್ನೊಂದು.

ಕಾಯುವಿಕೆಯ ಕಾಲ

1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯು ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸಿತು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಕೇಂದ್ರವನ್ನು ತೆರೆಯಿತು. 1991ರ ಉದಾರೀಕರಣದ ನಂತರ ಉದ್ಯೋಗದ ಕೇಂದ್ರ ಸಾರ್ವಜನಿಕ ಉದ್ದಿಮೆಗಳಿಂದ ಸಾಫ್ಟ್‌ವೇರ್ ಕಂಪನಿಗಳತ್ತ ಸರಿಯಿತು.

ನೇಮಕಾತಿಯ ಕ್ರಮವೂ ಇದರೊಂದಿಗೆ ಬದಲಾಯಿತು. ಕಂಪನಿಗಳು ಕಾಲೇಜುಗಳಿಗೇ ಬಂದು ಆಯ್ಕೆ ಮಾಡುವ ಕ್ಯಾಂಪಸ್ ಸಂದರ್ಶನ ಮುಖ್ಯ ದಾರಿಯಾಯಿತು. ಇದರಿಂದ ಬೆಂಗಳೂರಿನ ಹೆಸರಾಂತ ಕಾಲೇಜುಗಳಿಗೂ ಸುರತ್ಕಲ್ಲಿನಂಥ ಸಂಸ್ಥೆಗಳಿಗೂ ಅನುಕೂಲವಾಯಿತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಕಾಲೇಜುಗಳಿಗೆ ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ ಬಂದವು. ಪದವಿ ಸಮಾನವಾದರೂ ಕಂಪನಿಗಳು ಎಲ್ಲ ಕಾಲೇಜುಗಳಿಗೂ ಹೋಗಲಿಲ್ಲ. ದೂರದ ಕಾಲೇಜಿನ ಪದವೀಧರನಿಗೆ ಉಳಿದದ್ದು ‘ವಾಕ್-ಇನ್’. ಇಂತಹ ದಿನ, ಇಂತಹ ಕಡೆ, ಸ್ವವಿವರದ ಪ್ರತಿಯೊಂದಿಗೆ ನೇರವಾಗಿ ಹಾಜರಾಗಬೇಕೆಂಬ ಈ ಕ್ರಮದಲ್ಲಿ ಕರೆಯೋಲೆಯೂ ಇಲ್ಲ, ರೈಲು ವೆಚ್ಚವೂ ಇಲ್ಲ. ಸುದ್ದಿ ತಿಳಿದ ಮರುದಿನವೇ ಹಾಜರಾಗಬೇಕಾದರೆ ಅಭ್ಯರ್ಥಿ ನಗರದಲ್ಲಿಯೇ ಇರಬೇಕು. 1997ರಲ್ಲಿ ಆರಂಭವಾದ ನೌಕ್ರಿಯಂತಹ ಅಂತರ್ಜಾಲ ತಾಣಗಳು ಸುದ್ದಿಯನ್ನು ಊರಿಗೆ ಮುಟ್ಟಿಸಿದವು; ಹಾಜರಾತಿಯ ಅಗತ್ಯವನ್ನು ಬಹುಕಾಲದವರೆಗೆ ಕಡಿಮೆ ಮಾಡಲಿಲ್ಲ.

ಹೀಗೆ ನಗರದಲ್ಲಿ ಕಾಯುವುದೇ ಉದ್ಯೋಗ ಹುಡುಕುವ ವಿಧಾನವಾಯಿತು. ಕಾಯಲು ನೆಲೆ ಬೇಕು. ಹಿಂದಿನ ತಲೆಮಾರಿಗೆ ಈ ನೆಲೆ ಛತ್ರ ಮತ್ತು ಸಮುದಾಯಗಳ ವಿದ್ಯಾರ್ಥಿನಿಲಯಗಳಲ್ಲಿತ್ತು. ರೈಲು ನಿಲ್ದಾಣದ ಬಳಿಯ ಗುಬ್ಬಿ ತೋಟದಪ್ಪನವರ ಛತ್ರ, 1906ರಲ್ಲಿ ಸ್ಥಾಪನೆಯಾದ ಒಕ್ಕಲಿಗರ ಸಂಘದ ವಿದ್ಯಾರ್ಥಿನಿಲಯ ಮೊದಲಾದವು ಇದಕ್ಕೆ ನಿದರ್ಶನ. ಸಾಫ್ಟ್‌ವೇರ್ ಯುಗದಲ್ಲಿ ಆ ಜಾಗಕ್ಕೆ ‘ರೂಮು’ ಬಂದಿತು. ಮೊದಲು ಕೆಲಸ ಸಿಕ್ಕ ಹಿರಿಯನೊಬ್ಬ ಮಡಿವಾಳ, ಬಿ.ಟಿ.ಎಂ. ಬಡಾವಣೆ ಅಥವಾ ಮಾರತಹಳ್ಳಿಯಲ್ಲಿ ರೂಮು ಹಿಡಿಯುತ್ತಾನೆ. ಅವನ ಕಾಲೇಜಿನ, ಅವನ ತಾಲ್ಲೂಕಿನ ಕಿರಿಯರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಕೆಲಸ ಸಿಗುವವರೆಗೆ ಬಾಡಿಗೆ ಕೇಳಬಾರದು. ಸಿಕ್ಕ ಮೇಲೆ ಮುಂದೆ ಬರುವವನಿಗೆ ಅದೇ ಉಪಕಾರ ಮಾಡಬೇಕು. ಬರಹದಲ್ಲಿಲ್ಲದ ಈ ಕಟ್ಟಳೆ ಊರಿನ ಮುಯ್ಯಿ ಪದ್ಧತಿಯ ನಗರ ರೂಪ. ವ್ಯತ್ಯಾಸವೆಂದರೆ ಇಲ್ಲಿ ಮುಯ್ಯಿ ಕೊಟ್ಟವನಿಗೆ ಹಿಂದಿರುಗದೆ ಮುಂದಿನವನಿಗೆ ಸಲ್ಲುತ್ತದೆ.

ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಬಂದಿಳಿಯುವವನ ಚೀಲದಲ್ಲಿ ಪ್ರಮಾಣಪತ್ರಗಳ ಜೊತೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಗಂಟೂ ಇರುತ್ತಿತ್ತು. ಇದನ್ನು ತಾಯಿಯ ವಾತ್ಸಲ್ಯವೆಂದಷ್ಟೇ ನೋಡಿದರೆ ಸಾಲದು. ಹಲವು ದಿನ ಕೆಡದ ಈ ಬುತ್ತಿ ಊಟದ ಖರ್ಚನ್ನು ಉಳಿಸಿ ಕಾಯುವ ದಿನಗಳನ್ನು ಹೆಚ್ಚಿಸುತ್ತಿತ್ತು. ರೂಮಿನವರೊಡನೆ ಹಂಚಿಕೊಂಡಾಗ ಋಣವನ್ನೂ ತೀರಿಸುತ್ತಿತ್ತು. ಉತ್ತರ ಕರ್ನಾಟಕದ ಖಾನಾವಳಿಗಳೂ ಊಟದ ಜೊತೆ ಸುದ್ದಿಯ ತಾಣಗಳಾದವು. ಯಾವ ಕಂಪನಿ ಆಳು ತೆಗೆದುಕೊಳ್ಳುತ್ತಿದೆ, ಯಾರು ಮುಂಗಡ ಹಣ ಪಡೆದು ಮೋಸ ಮಾಡುತ್ತಾರೆ ಎಂಬ ತಿಳಿವಳಿಕೆ ಅಲ್ಲಿ ಬಾಯಿಮಾತಿನಲ್ಲಿ ಹರಿದಾಡುತ್ತಿತ್ತು.

ಕಾಯಲಾರದವರು

ಆಸರೆಯ ಈ ಸರಪಳಿ ಇದ್ದವರನ್ನು ಕಾಪಾಡಿತು, ಇಲ್ಲದವರನ್ನು ಹೊರಗಿಟ್ಟಿತು. ಕುಟುಂಬದಲ್ಲಿಯೂ ಊರಿನಲ್ಲಿಯೂ ಮೊದಲ ಎಂಜಿನಿಯರಾದವನಿಗೆ ರೂಮು ಹಿಡಿದ ಹಿರಿಯನಿರಲಿಲ್ಲ. ಸಮುದಾಯದ ನಂಟಿನಿಂದ ಕಟ್ಟಿದ ಆಸರೆಯಲ್ಲಿ ದಲಿತ ಪದವೀಧರನಿಗೆ ಸುಲಭವಾಗಿ ಜಾಗ ಸಿಗುತ್ತಿರಲಿಲ್ಲ. ಬಾಡಿಗೆ ಮನೆ ಕೇಳಿದಾಗ ಜಾತಿಯ ಪ್ರಶ್ನೆ ಎದುರಾಗುತ್ತಿತ್ತು. ಹೆಣ್ಣುಮಕ್ಕಳ ಕಷ್ಟ ಬೇರೆ ಬಗೆಯದು. ಉದ್ಯೋಗಸ್ಥ ಮಹಿಳೆಯರ ವಸತಿಗೃಹಗಳಿಗೆ ನೆರವು ನೀಡುವ ಕೇಂದ್ರ ಸರ್ಕಾರದ ಯೋಜನೆ 1972-73ರಲ್ಲಿಯೇ ಆರಂಭವಾಗಿತ್ತು. ಹೆಸರೇ ಸೂಚಿಸುವಂತೆ ಅದು ಉದ್ಯೋಗ ದೊರೆತವರಿಗಾಗಿ ರೂಪುಗೊಂಡದ್ದು. ಹುಡುಕುತ್ತಿರುವವಳ ಕಾಯುವಿಕೆ ಅದರ ಕೇಂದ್ರದಲ್ಲಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಗುಂಪು ಚರ್ಚೆ ಇನ್ನೊಂದು ಗೋಡೆಯಾಯಿತು. ಅದನ್ನು ದಾಟಲು ತರಬೇತಿ ಬೇಕು. ತರಬೇತಿಗೆ ಮತ್ತಷ್ಟು ತಿಂಗಳು ನಗರದಲ್ಲಿ ಉಳಿಯಬೇಕು.

ಕಾಯುವಿಕೆಯ ಅವಧಿ ವ್ಯಕ್ತಿಯ ಅರ್ಹತೆಯನ್ನು ಮಾತ್ರ ಅವಲಂಬಿಸಿರಲಿಲ್ಲ. 2001ರ ಹಿಂಜರಿತದಲ್ಲಿಯೂ 2008ರ ಆರ್ಥಿಕ ಬಿಕ್ಕಟ್ಟಿನಲ್ಲಿಯೂ ಅದು ದೀರ್ಘವಾಯಿತು. ಊರಿನಲ್ಲಿ ಹೊಲವಿದ್ದವರು, ಸಂಬಳದ ತಂದೆಯಿದ್ದವರು ತಡೆದುಕೊಂಡರು. ಉಳಿದವರಲ್ಲಿ ಅನೇಕರು ಸಿಕ್ಕ ಕೆಲಸಕ್ಕೆ ಸೇರಿದರು ಅಥವಾ ಊರಿಗೆ ಮರಳಿದರು. ಕಂಪನಿಗಳ ಚರಿತ್ರೆಯಲ್ಲಿ ಇವರ ಹೆಸರಿಲ್ಲ.

ಕನ್ನಡಿಗರ ಉದ್ಯೋಗದ ಪ್ರಶ್ನೆಯನ್ನು ರಾಜ್ಯವು ಪಾಲಿನ ಪ್ರಶ್ನೆಯಾಗಿ ನೋಡುತ್ತ ಬಂದಿದೆ. 1983ರಲ್ಲಿ ರಚನೆಯಾದ ಸರೋಜಿನಿ ಮಹಿಷಿ ಸಮಿತಿಯು 1986ರಲ್ಲಿ 58 ಶಿಫಾರಸುಗಳ ಅಂತಿಮ ವರದಿ ನೀಡಿತು. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯಮಗಳ ವಿರೋಧದಿಂದ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು. ಪಾಲಿನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೀದರಿನ ಪದವೀಧರನೂ ಬೆಂಗಳೂರಿನ ಜಯನಗರದ ಪದವೀಧರನೂ ‘ಸ್ಥಳೀಯ’ ಎಂಬ ಒಂದೇ ಪದದಡಿ ಬಂದರೂ ಅವರ ಕಾಯುವ ಶಕ್ತಿ ಒಂದೇ ಆಗಿಲ್ಲ. ಒಬ್ಬನು ಮನೆಯಿಂದ ಸಂದರ್ಶನಕ್ಕೆ ಹೋಗುತ್ತಾನೆ. ಇನ್ನೊಬ್ಬನು ಸಂದರ್ಶನಕ್ಕಾಗಿ ಮನೆ ಹುಡುಕಬೇಕಾಗುತ್ತದೆ.

2020ರ ಕೊರೊನಾ ಲಾಕ್‌ಡೌನ್ ಈ ಚರಿತ್ರೆಗೆ ಅನಿರೀಕ್ಷಿತ ತಿರುವು ನೀಡಿತು. ಸಂದರ್ಶನವೂ ಕೆಲಸವೂ ಪರದೆಯ ಮೇಲೆ ನಡೆದವು. ಅನೇಕರು ಊರಿನ ಮನೆಯಿಂದಲೇ ದುಡಿದರು. ಮುಂದಿನ ವರ್ಷಗಳಲ್ಲಿ ಕಂಪನಿಗಳು ನೌಕರರನ್ನು ಮತ್ತೆ ಕಚೇರಿಗೆ ಕರೆಸಿಕೊಳ್ಳತೊಡಗಿದಾಗ ಬೆಂಗಳೂರಿನ ರೂಮುಗಳು ಪುನಃ ತುಂಬಿದವು. ಆದರೂ ಅಭ್ಯರ್ಥಿ ತನ್ನ ಊರಿನಲ್ಲಿದ್ದೇ ಪರೀಕ್ಷೆಗೆ ಒಳಗಾಗಬಹುದು ಎಂಬುದು ಆ ಅವಧಿಯಲ್ಲಿ ಸಿದ್ಧವಾಯಿತು. ಅಂಚೆಯ ಕಾಲದಲ್ಲಿ ಇದ್ದು ನಡುವೆ ಕಳೆದುಹೋಗಿದ್ದ ಒಂದು ಅನುಕೂಲ ಇದು. ಜಿಲ್ಲೆಯಲ್ಲಿ ಓದಿದವನಿಗೆ ಕರೆಯೂ ಜಿಲ್ಲೆಗೇ ಬರುವ ವ್ಯವಸ್ಥೆ ಮತ್ತೆ ರೂಪುಗೊಂಡರೆ, ನಗರದ ಬಾಡಿಗೆ ಕಟ್ಟಲಾರದ ಕಾರಣಕ್ಕೆ ಓದು ವ್ಯರ್ಥವಾಗುವುದು ತಪ್ಪೀತು.