ಬೋನು, ಪಂಜರ, ಗೂಡು: ಪ್ರಯೋಗಾಲಯದ ಪ್ರಾಣಿಗಳ ಮನೆಯ ಚರಿತ್ರೆ

ಈ ಸಂಚಿಕೆಯನ್ನ ಒಂದು ಅಂಕಿಯಿಂದ ಶುರು ಮಾಡ್ತೀನಿ. 77.4.

ಪ್ರಯೋಗಾಲಯದಲ್ಲಿ ಸಾಕುವ ಸಣ್ಣ ಬಿಳಿ ಇಲಿ ಇರುತ್ತಲ್ಲ, ಅದರ ತೂಕ 25 ಗ್ರಾಂ ಒಳಗಿದ್ದರೆ ಅದಕ್ಕೆ ಕನಿಷ್ಠ 77.4 ಚದರ ಸೆಂಟಿಮೀಟರ್ ನೆಲ ಕೊಡಬೇಕು ಅನ್ನೋದು ನಮ್ಮ ದೇಶದ ಮಾರ್ಗಸೂಚಿ. ಪಂಜರದ ಎತ್ತರ 12 ಸೆಂಟಿಮೀಟರ್. ತಿಪಟೂರು, ತುರುವೇಕೆರೆ ಕಡೆಯವರಿಗೆ ಸುಲಭವಾಗಿ ಹೇಳೋದಾದ್ರೆ, ಹತ್ತು ಸೆಂಟಿಮೀಟರ್ ಅಗಲದ ಒಂದು ತೆಂಗಿನ ಚಿಪ್ಪನ್ನ ಬೋರಲು ಹಾಕಿ. ಅದು ಮುಚ್ಚಿದಷ್ಟು ಜಾಗ.

ಸರಿ, ಆ ದಶಮಾಂಶ ನಾಲ್ಕು ಎಲ್ಲಿಂದ ಬಂತು? ಪಟ್ಟಿಯ ಉಳಿದ ಅಂಕಿಗಳನ್ನೂ ನೋಡಿ: 38.7, 51.6, 96.7. ಒಂದೂ ದುಂಡು ಅಂಕಿಯಲ್ಲ. ಒಂದು ಚದರ ಇಂಚು ಅಂದ್ರೆ 6.45 ಚದರ ಸೆಂಟಿಮೀಟರ್. ಭಾಗಿಸಿ ನೋಡಿ: 6, 8, 12, 15. ಎಲ್ಲ ದುಂಡಗಾಗಿಬಿಡ್ತವೆ! ಇದು ಅಮೆರಿಕದ ಲೆಕ್ಕ. ಅಲ್ಲಿ 1963ರಲ್ಲಿ ಪ್ರಯೋಗಾಲಯದ ಪ್ರಾಣಿಗಳನ್ನ ಸಾಕೋದಕ್ಕೆ ಒಂದು ಮಾರ್ಗದರ್ಶಿ ಪುಸ್ತಕ ಬಂತು, ಮುಂದೆ ಅನೇಕ ಸಲ ಪರಿಷ್ಕರಣೆ ಆಯ್ತು. ಅದರ ಆವೃತ್ತಿಗಳಲ್ಲಿರೋ ಇಂಚಿನ ಪಟ್ಟಿಯೇ ಸೆಂಟಿಮೀಟರ್ ವೇಷ ಹಾಕ್ಕೊಂಡು ನಮ್ಮಲ್ಲೂ ಇದೆ. ಈ ಅಳತೆಗಳಿಗೆ ಆಧಾರ ಏನು ಅಂದ್ರೆ, ಅನುಭವಸ್ಥರ ಅಂದಾಜು. ಆ ಪುಸ್ತಕವೇ ಅದನ್ನ ಒಪ್ಪಿಕೊಳ್ಳುತ್ತೆ.

ಅಂದಾಜೇ ಆಗಲಿ, ಅಳತೆ ಅಂತ ಒಂದು ಬರೋದಕ್ಕೆ ಬಹಳ ಕಾಲ ಹಿಡೀತು. ಮೊದಲು ಮರದ ಪೆಟ್ಟಿಗೆ, ತಂತಿ ಬಲೆ. ಮರ ಉಚ್ಚೆ ಹೀರುತ್ತೆ, ಎಷ್ಟು ತೊಳೆದ್ರೂ ರೋಗಾಣು ಹೋಗಲ್ಲ. ಆಮೇಲೆ ತಗಡು, ಸ್ಟೀಲು ಬಂತು. ಕೊನೆಗೆ ಪಾಲಿಕಾರ್ಬೊನೇಟ್ ಅನ್ನೋ ಪಾರದರ್ಶಕ ಪ್ಲಾಸ್ಟಿಕ್. ಆಟೋಕ್ಲೇವ್ ಅಂದ್ರೆ ಒಂದು ದೊಡ್ಡ ಪ್ರೆಷರ್ ಕುಕ್ಕರ್ ಅಂದುಕೊಳ್ಳಿ. ಅದರೊಳಗೆ 121 ಡಿಗ್ರಿ ಹಬೆಯಲ್ಲಿ ಬೇಯಿಸಿದರೂ ಈ ಪ್ಲಾಸ್ಟಿಕ್ ತಾಳುತ್ತೆ. ಗಮನಿಸಿ, ಈ ಬದಲಾವಣೆಗಳು ಆಗಿದ್ದು ಪ್ರಾಣಿಯ ಮೇಲಿನ ಕನಿಕರಕ್ಕಿಂತ ಹೆಚ್ಚಾಗಿ ರೋಗದ ಭಯದಿಂದ.

ಆ ಭಯ ನಮ್ಮ ರಾಜ್ಯಕ್ಕೇ ಬಂದಿದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳೋಕೆ ಶುರುವಾದವು, ಹಿಂದೆಯೇ ಕಾಡಿಗೆ ಹೋಗಿಬಂದ ಜನಕ್ಕೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರ 1952ರಲ್ಲಿ ಆರಂಭವಾಗಿತ್ತು. ಅಲ್ಲಿಂದ ವಿಜ್ಞಾನಿಗಳು ಬಂದರು. ಮೊದಲು ಹಳದಿ ಜ್ವರ ಇರಬಹುದಾ ಅನ್ನೋ ಅನುಮಾನ. ಮಾದರಿಗಳನ್ನ ಬಿಳಿ ಇಲಿಮರಿಗಳಿಗೆ ಚುಚ್ಚಿ ನೋಡಿದಾಗ ಸಿಕ್ಕಿದ್ದು ಹೊಸ ವೈರಸ್, ಉಣ್ಣೆಯಿಂದ ಹರಡುವಂಥದ್ದು. ಮಂಗನ ಕಾಯಿಲೆ ಅಂತ ನಾವು ಕರೆಯೋದು ಅದನ್ನೇ. ಮುಂದೆ ಈ ವೈರಸ್ ಜೊತೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಗೂ ಕಾಯಿಲೆ ತಗುಲಿದ ದಾಖಲೆಗಳಿವೆ. ಅಂದ್ರೆ ಪಂಜರದ ಗೋಡೆ ಪ್ರಾಣಿ ತಪ್ಪಿಸಿಕೊಳ್ಳದ ಹಾಗೆ ಇದ್ದರೆ ಸಾಲದು, ರೋಗವೂ ಆಚೆ ಬರದ ಹಾಗೆ ಇರಬೇಕು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಲಿಸ್ಬೆತ್ ಕ್ರಾಫ್ಟ್ ಅನ್ನೋ ಪಶುವೈದ್ಯೆಗೆ ಇನ್ನೊಂದು ತಲೆನೋವು. ಇಲಿಮರಿಗಳು ಭೇದಿಯಿಂದ ಸಾಯ್ತಿದ್ದವು, ಒಂದು ಪಂಜರದಿಂದ ಇನ್ನೊಂದಕ್ಕೆ ಹರಡ್ತಿತ್ತು. 1958ರಲ್ಲಿ ಅವರು ಪಂಜರಕ್ಕೆ ಗಾಳಿ ಸೋಸುವ ಮುಚ್ಚಳ ಹಾಕಿ ನೋಡಿದರು. ಹರಡೋದು ತಗ್ಗಿತು. ಆ ಮುಚ್ಚಳದ ಸಂತತಿಯೇ ಇವತ್ತಿನ ಪಂಜರಗಳು: ಬೀರುವಿನ ಅರೆಗಳ ಹಾಗೆ ಸಾಲಾಗಿ ಜೋಡಿಸಿದ ಡಬ್ಬಿಗಳು, ಪ್ರತಿಯೊಂದಕ್ಕೂ ಬೇರೆಯೇ ಗಾಳಿ ಒಳಗೆ, ಬೇರೆಯೇ ಗಾಳಿ ಹೊರಗೆ. ಪುಣೆಯಲ್ಲೂ 2012ರಲ್ಲಿ ಅತ್ಯಂತ ಅಪಾಯದ ವೈರಸ್‌ಗಳಿಗೆ ಅಂತಲೇ ನಾಲ್ಕನೇ ಹಂತದ ಸುರಕ್ಷತೆಯ ಪ್ರಯೋಗಾಲಯ ಬಂತು.

ಆದರೆ ರೋಗ ತಡೆದ ಮಾತ್ರಕ್ಕೆ ಮನೆ ಸರಿಯಾಯ್ತಾ? ಇಲ್ಲಿ ನಮ್ಮ ತೆಂಗಿನ ಸೀಮೆಯ ಅನುಭವ ಸಹಾಯಕ್ಕೆ ಬರುತ್ತೆ. ಸಂಪಿಗೆ ಸುತ್ತಮುತ್ತ ಉಂಡೆ ಕೊಬ್ಬರಿ ಮಾಡುವವರನ್ನ ಕೇಳಿ. ಕಾಯಿ ಒಂದೇ ತೋಟದ್ದಾಗಿರಬಹುದು, ತಿಂಗಳುಗಟ್ಟಲೆ ಅಟ್ಟದ ಮೇಲೆ ಇರುತ್ತೆ. ಗಾಳಿ ಆಡುವ ಅಟ್ಟದಿಂದ ಒಳ್ಳೆ ಗಟ್ಟಿ ಕೊಬ್ಬರಿ ಇಳಿಯುತ್ತೆ, ತೇವ ಹಿಡಿದ ಅಟ್ಟದಿಂದ ಕೌಟು. ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವಾಗ ಅಟ್ಟಕ್ಕೂ ಸೇರಿಸಿಯೇ ಬೆಲೆ ಕಟ್ಟಿದ ಹಾಗೆ.

ಪ್ರಯೋಗಾಲಯದ ಇಲಿಯದ್ದೂ ಇದೇ ಕಥೆ. 1967ರಲ್ಲಿ ಎಲಿಯಟ್ ವೆಸೆಲ್ ಅನ್ನೋ ವಿಜ್ಞಾನಿ ನಿದ್ದೆ ಬರಿಸುವ ಒಂದು ಔಷಧ ಇಲಿಗಳ ಮೇಲೆ ಹೇಗೆ ಕೆಲಸ ಮಾಡುತ್ತೆ ಅಂತ ನೋಡಿದರು. ದೇವದಾರು ಜಾತಿಯ ಮರದ ಹೊಟ್ಟಿನ ಮೇಲೆ ಮಲಗುತ್ತಿದ್ದ ಇಲಿಗಳು ಬೇಗ ಎಚ್ಚರ ಆಗ್ತಿದ್ದವು. ಕಾರಣ, ಹೊಟ್ಟಿನ ಘಾಟಿಗೆ ಇಲಿಯ ಪಿತ್ತಜನಕಾಂಗ ಔಷಧವನ್ನ ಹೆಚ್ಚು ಬೇಗ ಕರಗಿಸುತ್ತಿತ್ತು. ಹಾಸಿಗೆ ಬದಲಾದರೆ ಔಷಧದ ಫಲಿತಾಂಶವೇ ಬದಲು! ಅದಕ್ಕೇ ಇವತ್ತು ಭತ್ತದ ಹೊಟ್ಟೋ ಜೋಳದ ಬೆಂಡಿನ ಪುಡಿಯೋ, ಏನೇ ಹಾಸಿದರೂ ಹಬೆಯಲ್ಲಿ ಶುದ್ಧ ಮಾಡಿ, ಯಾವುದು ಅಂತ ಬರೆದಿಡಬೇಕಾಗುತ್ತೆ.

ಹಾಸಿಗೆ ಆಯ್ತು, ಇನ್ನು ಬದುಕಿನ ಮಾತು. ಕೆನಡಾದ ಡೊನಾಲ್ಡ್ ಹೆಬ್ 1940ರ ದಶಕದಲ್ಲಿ ಕೆಲವು ಇಲಿಗಳನ್ನ ಮನೆಗೇ ಒಯ್ದು ಮಕ್ಕಳ ಜೊತೆ ಸಾಕಿದರು. ಪಂಜರದಲ್ಲಿ ಬೆಳೆದವಕ್ಕಿಂತ ಅವು ಚುರುಕಾಗಿದ್ದವು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮಾರ್ಕ್ ರೋಸೆನ್‌ಜ್ವೈಗ್, ಮೇರಿಯನ್ ಡೈಮಂಡ್ ಮತ್ತು ಸಂಗಡಿಗರು ಇಲಿಗಳಿಗೆ ಜೊತೆಗಾರರನ್ನೂ ಆಟದ ಸಾಮಾನುಗಳನ್ನೂ ಕೊಟ್ಟು ಬೆಳೆಸಿದರು. ಅಂಥ ಇಲಿಗಳ ಮಿದುಳಿನ ಹೊರಪದರ ದಪ್ಪವಾಗಿತ್ತು. ಹಾಗಾದರೆ ಬರಿದಾದ ಪಂಜರದ ಇಲಿಯನ್ನ ನಾವು ಸಾಮಾನ್ಯ ಇಲಿ ಅಂತ ಯಾಕೆ ಕರೀತಿದ್ವಿ?

ಇಲಿಗೇ ಹೀಗಾದರೆ ಕೋತಿಯ ಗತಿ? ತಲೆ ಮೇಲೆ ಟೋಪಿಯ ಹಾಗೆ ಕೂದಲಿರುವ, ನಮ್ಮ ತೋಟಗಳಲ್ಲಿ ಎಳನೀರು ಕಿತ್ತು ಬಿಸಾಡುವ ಕೋತಿಗೆ ವಿಜ್ಞಾನಿಗಳು ಬಾನೆಟ್ ಮಕಾಕ್ ಅಂತಾರೆ. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್.ಆರ್. ಮೌದ್ಗಲ್ ಮತ್ತು ಸಂಗಡಿಗರ ಸಂತಾನ ನಿಯಂತ್ರಣದ ಹಾರ್ಮೋನ್ ಸಂಶೋಧನೆ ನಡೆದಿದ್ದು ಇದೇ ಕೋತಿಯ ಮೇಲೆ. ಮಂಗನ ಕಾಯಿಲೆ ದೇಹದೊಳಗೆ ಹೇಗೆ ಹರಡುತ್ತೆ ಅನ್ನೋ ಪುಣೆಯ ಅಧ್ಯಯನ 2020ರಲ್ಲಿ ಪ್ರಕಟವಾಯ್ತು, ಅದೂ ಇದೇ ಕೋತಿಯ ಮೇಲೆ. ಇದು ಗುಂಪಿನ ಜೀವ. ಒಂಟಿ ಪಂಜರದಲ್ಲಿಟ್ಟ ಕೋತಿಗಳು ಒಂದೇ ಕಡೆ ಸುತ್ತುತ್ತವೆ, ತಮ್ಮ ಕೂದಲನ್ನ ತಾವೇ ಕಿತ್ತುಕೊಳ್ಳುತ್ತವೆ. ಪ್ರಯೋಗಾಲಯದ ಕೋತಿಗಳ ಮನಸ್ಸಿನ ಸ್ವಾಸ್ಥ್ಯವನ್ನೂ ನೋಡಬೇಕು ಅಂತ ಅಮೆರಿಕ ಕಾನೂನು ಮಾಡಿದ್ದು 1985ರಲ್ಲಿ.

ನಮ್ಮಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದಿದ್ದು 1960ರಲ್ಲಿ. ಅದರಲ್ಲಿ ಒಂದು ಮಾತಿದೆ, ಪ್ರಯೋಗದ ಮುಂಚೆ, ಪ್ರಯೋಗದ ಹೊತ್ತಿನಲ್ಲಿ, ಪ್ರಯೋಗದ ನಂತರ ಪ್ರಾಣಿಗೆ ಅನವಶ್ಯಕ ನೋವಾಗಬಾರದು ಅಂತ. ಈ ಮುಂಚೆ ಮತ್ತು ನಂತರ ಅನ್ನೋದನ್ನ ಯೋಚನೆ ಮಾಡಿ. ಸೂಜಿ ಚುಚ್ಚೋದು ಕ್ಷಣದ ಕೆಲಸ, ಉಳಿದಿದ್ದೆಲ್ಲ ಪಂಜರದ ಬದುಕೇ. 1998ರ ನಿಯಮಗಳು ಬಂದ ಮೇಲೆ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಸಂಸ್ಥೆ ನೋಂದಣಿ ಮಾಡಿಸಬೇಕು, ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕು. 77.4ರಂಥ ಅಂಕಿಗಳನ್ನ ತಪಾಸಣೆ ಮಾಡಿ ಕೇಳುವವರು ಅಂತ ಆಗ ಆದರು.

ಕನ್ನಡದಲ್ಲಿ ಇದಕ್ಕೆ ಮೂರು ಪದ ಇದೆ. ಹಿಡಿಯೋದಕ್ಕೆ ಬೋನು, ಇಟ್ಟುಕೊಳ್ಳೋದಕ್ಕೆ ಪಂಜರ, ಜೀವ ತಾನೇ ಕಟ್ಟಿಕೊಂಡರೆ ಗೂಡು. ಈಗ ಒಳ್ಳೆಯ ಪ್ರಯೋಗಾಲಯಗಳಲ್ಲಿ ಇಲಿಗೆ ಕಾಗದದ ಚೂರೋ ಹತ್ತಿಯೋ ಹಾಕ್ತಾರೆ, ಗೂಡು ಕಟ್ಟಿಕೊಳ್ಳಲಿ ಅಂತ. ಇಲಿ ಹಲ್ಲಿನಿಂದ ಸೀಳಿ, ಸುತ್ತಿ, ಕಟ್ಟಿಯೇ ಕಟ್ಟುತ್ತೆ. ಖರ್ಚು ಕೆಲವೇ ಪೈಸೆ.

ಮಂಗನ ಕಾಯಿಲೆ ಮಲೆನಾಡಿನಿಂದ ಹೋಗಿಲ್ಲ, ಹೊಸ ಲಸಿಕೆಯ ಕೆಲಸ ನಡೀತಿದೆ. ಅದಕ್ಕೆ ಪ್ರಾಣಿಗಳು ಬೇಕಾಗ್ತವೆ, ಇದನ್ನ ಮುಚ್ಚಿಡೋದು ಬೇಡ. ಇಲಿಗಳ ಮೇಲೆ ಯಶಸ್ವಿ ಅನ್ನೋ ಸುದ್ದಿ ಓದಿದಾಗ, ಆ ಇಲಿ ಎಂಥ ಮನೆಯಲ್ಲಿತ್ತು ಅಂತಲೂ ಒಂದು ಸಲ ಕೇಳಿಕೊಳ್ಳಿ. ಹಾಗೇ ನಮ್ಮ ಊರುಗಳಲ್ಲಿ ತೋಟದ ಕೋತಿಗಳನ್ನ ಬೋನಿಟ್ಟು ಹಿಡಿಸಿ ದೂರ ಬಿಟ್ಟು ಬರೋದುಂಟು. ಆ ಬೋನಿನಲ್ಲಿ ಎಷ್ಟು ಕೋತಿ ತುಂಬಿದರು, ಎಷ್ಟು ಹೊತ್ತು ಇಟ್ಟರು, ನೀರು ಕೊಟ್ಟರಾ ಅಂತ ಕೇಳೋದಕ್ಕೆ ಊರಲ್ಲಿ ಯಾರ ಕೈಲೂ ಅಳತೆಪಟ್ಟಿ ಇರೋಲ್ಲ. ಪ್ರಯೋಗಾಲಯದಲ್ಲಿ ಇಲಿಗಾದರೂ ಒಂದು ಚಿಪ್ಪಿನಷ್ಟು ಜಾಗ ಲೆಕ್ಕಕ್ಕೆ ಸಿಕ್ಕಿದೆ.