ಜೇಡನ ಸಿಟ್ಟಿನ ಚರಿತ್ರೆ

ನಮ್ಮ ಟೀಮಿನಲ್ಲಿದ್ದ ಗೆಳೆಯನೊಬ್ಬ ಆನ್‌ಸೈಟಿಗೆ ಅಂತ ಅಮೆರಿಕಕ್ಕೆ ಹೋದವನು ಅಲ್ಲೊಂದು ಟರಂಟುಲಾ ಸಾಕಿಕೊಂಡಿದ್ದಾನೆ. ಅಂಗೈಯಗಲದ, ಮೈತುಂಬಾ ಕೂದಲಿರುವ ಜೇಡ! "ತುಂಬಾ ಸಾಧು ಮಗಾ, ಏನೂ ಮಾಡಲ್ಲ" ಅಂತ ಅವನ ಶಿಫಾರಸು ಬೇರೆ. ಆಮೇಲೆ ಗೊತ್ತಾಯಿತು, ಈ ಜೇಡ ಸಾಕುವವರ ಪಟ್ಟಿಗಳಲ್ಲಿ ಪ್ರತಿ ಜಾತಿಯ ಎದುರಿಗೂ, ಮದುವೆ ಜಾತಕದಲ್ಲಿ ಗಣ ಬರೆದ ಹಾಗೆ, 'ಸ್ವಭಾವ' ಅಂತ ಒಂದು ಕಾಲಮ್ಮು ಇರುತ್ತದಂತೆ. ಇದು ದೇವಗಣ, ಅದು ರಾಕ್ಷಸಗಣ :-)

ನನಗೆ ತಲೆಗೆ ಹತ್ತಿದ ಪ್ರಶ್ನೆ ಬೇರೆ. ಎಂಟು ಕಾಲು, ಎಂಟು ಕಣ್ಣು, ಸಾಸಿವೆಯಷ್ಟು ಮಿದುಳಿನ ಪ್ರಾಣಿಗೆ ಸಾಧು, ಮುಂಗೋಪಿ ಅಂತ ಹೆಸರಿಟ್ಟವರು ಯಾರು? ಯಾವಾಗಿಂದ? ಹುಡುಕುತ್ತಾ ಹೋದರೆ ಅದೊಂದು ಒಳ್ಳೇ ಚರಿತ್ರೆ ಕಣ್ರೀ. ಜೇಡದ್ದಕ್ಕಿಂತ ಹೆಚ್ಚಾಗಿ ಮನುಷ್ಯರದ್ದು.

ಶುರುವಾಗುವುದು ಇಟಲಿಯಲ್ಲಿ. ಬೂಟಿನಾಕಾರದ ಆ ದೇಶದ ಹಿಮ್ಮಡಿಯ ಹತ್ತಿರ ತರಾಂತೊ ಅನ್ನೋ ಊರಿದೆ. ಅಲ್ಲಿನ ಹೊಲಗಳಲ್ಲಿ ಬಿಲ ತೋಡಿಕೊಂಡಿರುವ ಒಂದು ಜೇಡಕ್ಕೆ ಊರಿನ ಹೆಸರೇ ಬಂತು, ತರಾಂತುಲಾ. ಸುಗ್ಗಿಯ ಕಾಲದಲ್ಲಿ ಈ ಜೇಡ ಕಚ್ಚಿದರೆ ಮನುಷ್ಯನಿಗೆ ಮಂಕು ಬಡಿಯುತ್ತದೆ, ವಾದ್ಯದವರನ್ನು ಕರೆಸಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕುಣಿಸಿದರೇ ವಿಷ ಇಳಿಯೋದು ಅಂತ ನೂರಾರು ವರ್ಷ ಜನ ನಂಬಿದ್ದರು. 1641ರಲ್ಲಿ ಅಥನೇಸಿಯಸ್ ಕಿರ್ಶರ್ ಅನ್ನೋ ಜೆಸ್ವಿಟ್ ಪಂಡಿತ ಈ ಕುಣಿತದ ಸಂಗೀತವನ್ನೂ ಬರೆದಿಟ್ಟ. 1696ರಲ್ಲಿ ಜಾರ್ಜಿಯೊ ಬಾಲಿವಿ ಅನ್ನೋ ವೈದ್ಯ ಇದರ ಬಗ್ಗೆ ಪ್ರಬಂಧವನ್ನೇ ಬರೆದ. 1742ರಲ್ಲಿ ನೇಪಲ್ಸಿನ ಫ್ರಾಂಚೆಸ್ಕೊ ಸೆರಾವೊ ಅನ್ನೋ ಇನ್ನೊಬ್ಬ ವೈದ್ಯ, ಇದು ಜೇಡದ ವಿಷ ಅಲ್ಲ, ಜನರ ಮನಸ್ಸಿನ ವಿಷಯ ಅಂದ. ಯಾರು ಕೇಳಬೇಕು? 1959ರಲ್ಲಿ ಎರ್ನೆಸ್ಟೊ ದೆ ಮಾರ್ತಿನೊ ತನ್ನ ತಂಡ ಕಟ್ಟಿಕೊಂಡು ಆ ಕಡೆಯ ಹಳ್ಳಿಗಳಿಗೆ ಹೋದಾಗಲೂ ಕುಣಿತ ನಡೆದೇ ಇತ್ತು. ಕುಣಿಯುತ್ತಿದ್ದವರು ಹೆಚ್ಚಾಗಿ ಬಡ ಹೆಂಗಸರು. ಹೇಳಿಕೊಳ್ಳಲಾಗದ ದುಃಖಕ್ಕೆ ಜೇಡ ಒಂದು ನೆಪ ಅನ್ನುವುದು ಅವನ ಪುಸ್ತಕದ ತಿರುಳು. ನಮ್ಮ ಕಡೆ ಮೈಮೇಲೆ ದೇವರು ಬರುವುದನ್ನು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ತಮಾಷೆ ಏನಂದ್ರೆ, ಆ ತರಾಂತೊ ಜೇಡ ಇವತ್ತು ನಾವು ಟರಂಟುಲಾ ಅನ್ನುವ ಪ್ರಾಣಿಯೇ ಅಲ್ಲ! ಅದು ತೋಳಜೇಡಗಳ ಕುಟುಂಬದ್ದು. ಕಚ್ಚಿದರೆ ಮನುಷ್ಯನಿಗೆ ಅಂಥಾ ಅಪಾಯವೇನೂ ಇಲ್ಲ. ಅದೇ ಹೊಲಗಳಲ್ಲಿ ಇರುವ, ಗಾತ್ರದಲ್ಲಿ ಪುಟ್ಟದಾದ ಬ್ಲ್ಯಾಕ್ ವಿಡೋ ಜಾತಿಯ ಜೇಡ ಕಚ್ಚಿದ್ದೂ ದೊಡ್ಡಣ್ಣನ ತಲೆಗೇ ಬಂದಿರಬೇಕು ಅನ್ನುವುದು ಹಲವರ ಅಭಿಪ್ರಾಯ. ಮುಂದೆ ಯುರೋಪಿನವರು ಅಮೆರಿಕ ಖಂಡಕ್ಕೆ ಹೋಗಿ ಅಲ್ಲಿಯ ಕೂದಲುಳ್ಳ ದೈತ್ಯ ಜೇಡಗಳನ್ನು ನೋಡಿದಾಗ, ತಮಗೆ ಗೊತ್ತಿದ್ದ ಹೆದರಿಕೆಯ ಹೆಸರನ್ನೇ ಅವಕ್ಕೂ ಅಂಟಿಸಿದರು. ಹೆಸರಿನ ಜೊತೆಗೆ ಕೆಟ್ಟ ಹೆಸರೂ ಹೋಯಿತು.

ಇನ್ನು ಈ ನಿಜವಾದ ದೊಡ್ಡ ಜೇಡಗಳ ಕಥೆ. 1705ರಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಅನ್ನೋ ಹೆಂಗಸು ದಕ್ಷಿಣ ಅಮೆರಿಕದ ಸುರಿನಾಮಿನ ಹುಳುಹುಪ್ಪಟೆಗಳ ಬಗ್ಗೆ ಅದ್ಭುತವಾದ ಚಿತ್ರಗಳ ಪುಸ್ತಕ ತಂದಳು. ಅದರಲ್ಲೊಂದು ಸೀಬೆಕೊಂಬೆಯ ಚಿತ್ರ. ಕೊಂಬೆಯ ಮೇಲೆ ಕಪ್ಪು ಜೇಡವೊಂದು ಝೇಂಕಾರದ ಹಕ್ಕಿಯನ್ನು ಹಿಡಿದು ತಿನ್ನುತ್ತಿದೆ. 1758ರಲ್ಲಿ ಲಿನೆಯಸ್ ಈ ಬಗೆಯ ಜೇಡಕ್ಕೆ ಹಕ್ಕಿಯ ಹೆಸರನ್ನೇ ಸೇರಿಸಿ 'ಅವಿಕ್ಯುಲೇರಿಯಾ' ಅಂತ ನಾಮಕರಣ ಮಾಡಿದ. ಆದರೆ ಆಮೇಲೆ ಬಂದ ಪಂಡಿತರು, ಜೇಡ ಹಕ್ಕಿ ತಿನ್ನುವುದೆಲ್ಲ ಆ ಹೆಂಗಸಿನ ಕಟ್ಟುಕಥೆ ಅಂತ ತಳ್ಳಿಹಾಕಿದರು. ಅವಳ ಮಾತಿಗೆ ಬೆಲೆ ಬಂದದ್ದು 1863ರಲ್ಲಿ. ಅಮೆಜಾನ್ ಕಾಡಿನಲ್ಲಿ 11 ವರ್ಷ ಕಳೆದು ಬಂದ ಹೆನ್ರಿ ವಾಲ್ಟರ್ ಬೇಟ್ಸ್, ಪುಟ್ಟ ಹಕ್ಕಿಗಳನ್ನು ಹಿಡಿದ ಜೇಡವನ್ನು ತಾನೇ ಕಣ್ಣಾರೆ ಕಂಡೆ ಅಂತ ಬರೆದ ಮೇಲೆ.

ಬೇಟ್ಸನ ಅದೇ ಪುಸ್ತಕದಲ್ಲಿ ಇನ್ನೆರಡು ಸಂಗತಿಗಳಿವೆ. ಒಂದು, ಈ ಜೇಡದ ಕೂದಲು ಕೈಗೆ ತಾಕಿದರೆ ಹುಚ್ಚು ಹಿಡಿಸುವಂಥ ತುರಿಕೆ ಬರುತ್ತದೆ ಅನ್ನುವುದು. ಎರಡು, ಅಲ್ಲಿನ ಮೂಲನಿವಾಸಿಗಳ ಮಕ್ಕಳು ಇಂಥದ್ದೊಂದು ಜೇಡದ ಸೊಂಟಕ್ಕೆ ದಾರ ಕಟ್ಟಿ, ನಾಯಿಯನ್ನು ಕರೆದೊಯ್ಯುವ ಹಾಗೆ ಮನೆಯೊಳಗೆಲ್ಲ ಓಡಾಡಿಸುತ್ತಿದ್ದರು ಅನ್ನುವುದು. ಲಂಡನ್ನಿನ ಪಂಡಿತರಿಗೆ ರಾಕ್ಷಸ, ಆ ಮಕ್ಕಳಿಗೆ ಆಟದ ಸಂಗಾತಿ. ಎರಡೂ ಒಂದೇ ಪ್ರಾಣಿ!

ಈಗ ನಮ್ಮ ಕಡೆಗೆ ಬರೋಣ. ಕಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದ್ದ ಜೇಮ್ಸ್ ವುಡ್-ಮೇಸನ್ 1877ರಲ್ಲಿ ಅಸ್ಸಾಮಿನ ಒಂದು ದೊಡ್ಡ ಜೇಡವನ್ನು ವರ್ಣಿಸಿದ. ಹೆದರಿಸಿದರೆ ಅದು ಬಾಯಿಯ ಹತ್ತಿರದ ಗಟ್ಟಿ ಕೂದಲುಗಳನ್ನು ಉಜ್ಜಿ ಸದ್ದು ಮಾಡುತ್ತದೆ. ಹಾಗಾಗಿ ಹೆಸರಿನಲ್ಲೇ 'ಸ್ಟ್ರಿಡ್ಯುಲನ್ಸ್', ಅಂದರೆ ಕರಕರ ಅನ್ನುವಂಥದ್ದು, ಅಂತ ಸೇರಿಸಿದ. ಹಾವು ಬುಸ್ ಅಂದ ಹಾಗೆ. ಬುಸ್ ಅನ್ನುವುದು ಕಚ್ಚುವುದಕ್ಕಲ್ಲ, ಕಚ್ಚುವ ಪ್ರಮೇಯ ತಪ್ಪಿಸುವುದಕ್ಕೆ ಅಲ್ಲವೇ?

ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದ್ದ ಆರ್. ಐ. ಪೊಕಾಕ್ 1899ರಲ್ಲಿ ಭಾರತದ ಹಲವು ಟರಂಟುಲಾಗಳಿಗೆ ಹೆಸರಿಟ್ಟ. ಅವುಗಳಲ್ಲಿ ಒಂದು ನಮ್ಮ ಪಶ್ಚಿಮ ಘಟ್ಟದ್ದು, 'ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್'. ಲ್ಯಾಟಿನ್ನಿನಲ್ಲಿ ಟ್ರುಕ್ಯುಲೆಂಟಸ್ ಅಂದರೆ ಉಗ್ರ, ಕ್ರೂರ. ಉತ್ತರ ಕನ್ನಡದ ಕಡೆ ರಸ್ತೆ ಪಕ್ಕದ ಮಣ್ಣಿನ ಧರೆಯಲ್ಲಿ ಬಿಲ ಮಾಡಿಕೊಂಡು, ಬಾಯಿಗೆ ರೇಷ್ಮೆಯ ಅಂಚು ಕಟ್ಟಿ, ರಾತ್ರಿ ಹುಳ ಬಂದರೆ ಹಿಡಿದು ತಿಂದು ಒಳಗೆ ಹೋಗುವ ಪ್ರಾಣಿ ಅದು. ಲಂಡನ್ನಿಗೆ ತಲುಪುತ್ತಿದ್ದ ಜೇಡಗಳು ಹೆಚ್ಚಾಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹೆಣಗಳು. ನಮ್ಮ ಧರೆಯ ಜೇಡಕ್ಕೆ 'ಉಗ್ರ' ಅನ್ನುವ ಬಿರುದು ಮಾತ್ರ 1899ರಿಂದ ಇವತ್ತಿನವರೆಗೂ ಪರ್ಮನೆಂಟ್ ಆಗಿ ಉಳಿದಿದೆ.

ಹಾಗಾದ್ರೆ ನಿಜವಾಗಿ ಪರೀಕ್ಷೆ ಮಾಡಿ ನೋಡಿದವರು ಯಾರೂ ಇಲ್ಲವೇ? ಇದ್ದಾರೆ. ಅಮೆರಿಕದ ಆರ್ಕನ್ಸಾ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ಬೇರ್ಗ್. 1922ರಲ್ಲಿ ಈ ಮಹಾನುಭಾವ ಬೇಕಂತಲೇ ಬ್ಲ್ಯಾಕ್ ವಿಡೋ ಜೇಡದಿಂದ ಬೆರಳು ಕಚ್ಚಿಸಿಕೊಂಡು ಆಸ್ಪತ್ರೆ ಸೇರಿದ. ಅಷ್ಟಕ್ಕೆ ಬುದ್ಧಿ ಬಂತಾ? ಇಲ್ಲ. ಟರಂಟುಲಾಗಳಿಂದಲೂ ಕಚ್ಚಿಸಿಕೊಂಡ! ಅವನಿಗೆ ಸಿಕ್ಕ ಅಮೆರಿಕದ ಟರಂಟುಲಾಗಳಲ್ಲಿ ಬಹುಪಾಲಿನ ಕಡಿತ ಗುಂಡುಸೂಜಿ ಚುಚ್ಚಿದಷ್ಟೇ. ಅಷ್ಟೇ ಅಲ್ಲ, ಅವು ಸುಲಭಕ್ಕೆ ಕಚ್ಚುವುದೂ ಇಲ್ಲ. 1958ರಲ್ಲಿ 'ದಿ ಟರಂಟುಲಾ' ಅಂತ ಅವನ ಪುಸ್ತಕ ಬಂತು. ಅದಕ್ಕೆ ಮೂರು ವರ್ಷ ಮುಂಚೆ, 1955ರಲ್ಲಿ, ಅದೇ ಹೆಸರಿನ ಹಾಲಿವುಡ್ ಸಿನಿಮಾ ಬಂದಿತ್ತು. ಅದರಲ್ಲಿ ಮನೆಗಿಂತ ದೊಡ್ಡ ಟರಂಟುಲಾ ಊರಿನ ಮೇಲೆ ದಾಳಿ ಮಾಡುತ್ತದೆ. ಜನ ಯಾವುದನ್ನು ನಂಬಿದರು ಅಂತ ನಾನು ಹೇಳಬೇಕಾ?

ಆದರೆ ನನಗೆ ತುಂಬಾ ಹಿಡಿಸಿದ್ದು ಯೇಲ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಪೆಟ್ರುಂಕೆವಿಚ್ 1952ರಲ್ಲಿ ಬರೆದ ಒಂದು ಲೇಖನ. ಟರಂಟುಲಾದ ಕಣ್ಣು ಅಷ್ಟಕ್ಕಷ್ಟೆ, ಅದರ ಪ್ರಪಂಚವೆಲ್ಲ ಸ್ಪರ್ಶದ್ದು. ಮೈಯನ್ನು ಮೆಲ್ಲಗೆ ಒತ್ತಿದರೆ ನಾಲ್ಕು ಹೆಜ್ಜೆ ಸರಿದುಕೊಳ್ಳುತ್ತದೆ. ಗಾಳಿ ಊದಿ ಕಾಲಿನ ನವಿರು ಕೂದಲು ಅಲುಗಿಸಿದರೆ ಮುಂಗಾಲುಗಳನ್ನು ಒದರುತ್ತದೆ. ಮೇಲಿನಿಂದ ಏನಾದರೂ ಬರುತ್ತಿರುವುದು ಕಂಡರೆ ಹಿಂಗಾಲ ಮೇಲೆ ಎದ್ದು, ಮುಂಗಾಲೆತ್ತಿ, ಹಲ್ಲು ಬಿಚ್ಚಿ ನಿಲ್ಲುತ್ತದೆ, ಆ ವಸ್ತು ಅಲುಗಾಡುತ್ತಿರುವಷ್ಟು ಹೊತ್ತು. ನಮ್ಮಂಥ ಪ್ರೋಗ್ರಾಮರುಗಳಿಗೆ ಇದನ್ನ ಓದಿದರೆ ಇಫ್-ಎಲ್ಸ್ ಸಾಲುಗಳು ಕಾಣುತ್ತವೆ. 'ಸಿಟ್ಟು' ಅನ್ನುವ ವೇರಿಯಬಲ್ ಎಲ್ಲೂ ಇಲ್ಲ.

ಆದರೆ ಅದೇ ಟರಂಟುಲಾ, ತನ್ನ ನಿಜವಾದ ಶತ್ರು, ಪೆಪ್ಸಿಸ್ ಅನ್ನೋ ದೊಡ್ಡ ಕಡಜ ಬಂದು ಮೈಯೆಲ್ಲ ಮುಟ್ಟಿ ನೋಡುವಾಗ ಬಹಳಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ! ಕಡಜ ಪಕ್ಕದಲ್ಲೇ ಗುಂಡಿ ತೋಡಿ ಬಂದು, ಕುಟುಕಿ, ಜೇಡವನ್ನು ಜೀವವಿದ್ದೂ ಅಲುಗಲಾರದ ಹಾಗೆ ಮಾಡಿ, ಅದರ ಮೈಮೇಲೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಪೆನ್ಸಿಲ್ ತೋರಿಸಿದರೆ ಹುಲಿಯ ಥರ ನಿಂತ ಪ್ರಾಣಿ, ಯಮ ಬಂದಾಗ ಹಸು. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಸಾಧುವೋ, ಮುಂಗೋಪಿಯೋ?

ಬೇಟ್ಸನ ತುರಿಕೆಯ ಗುಟ್ಟು ಬಿಡಿಸಿದ್ದು 1972ರಲ್ಲಿ. ಕುಕ್, ರಾತ್, ಮಿಲ್ಲರ್ ಅನ್ನೋ ಮೂವರು ಈ ಕೂದಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮುಳ್ಳುಗಳ ಆಕಾರ ಹಿಡಿದು ನಾಲ್ಕು ಬಗೆ ಮಾಡಿದರು. ಅಮೆರಿಕ ಖಂಡಗಳ ಬಹುಪಾಲು ಟರಂಟುಲಾಗಳು ಹೊಟ್ಟೆಯ ಮೇಲಿನ ಈ ಕೂದಲನ್ನು ಹಿಂಗಾಲಲ್ಲಿ ಉಜ್ಜಿ ವೈರಿಯ ಕಡೆ ತೂರುತ್ತವೆ. ಏಷ್ಯಾ, ಆಫ್ರಿಕಾದ ಟರಂಟುಲಾಗಳಿಗೆ ಈ ಅಸ್ತ್ರವೇ ಇಲ್ಲ. ಅವಕ್ಕೆ ಉಳಿದಿರುವ ದಾರಿ ಓಡುವುದು, ಕಾಲೆತ್ತಿ ಹೆದರಿಸುವುದು, ಅದೂ ಆಗದಿದ್ದರೆ ಕಚ್ಚುವುದು. ಸಾಕುವವರ ಪಟ್ಟಿಯಲ್ಲಿ ಅಮೆರಿಕದವು ಹೆಚ್ಚಾಗಿ 'ಸಾಧು', ನಮ್ಮ ಕಡೆಯವು 'ಮುಂಗೋಪಿ' ಆಗಿರುವುದಕ್ಕೆ ಇದು ದೊಡ್ಡ ಕಾರಣ. ಒಬ್ಬನ ಕೈಯಲ್ಲಿ ಖಾರದ ಪುಡಿ ಇದೆ, ಇನ್ನೊಬ್ಬನ ಕೈಯಲ್ಲಿ ಕತ್ತಿ ಮಾತ್ರ ಇದೆ. ಇಬ್ಬರಿಗೂ ಇರುವುದು ಹೆದರಿಕೆಯೇ. ಹಾಗಂತ ಕತ್ತಿ ಸುಳ್ಳಲ್ಲ. ಭಾರತ, ಶ್ರೀಲಂಕಾದ ಮರಗಳಲ್ಲಿರುವ ಪೀಸಿಲೋಥೀರಿಯಾ ಜಾತಿಯ ಜೇಡಗಳ ಕಡಿತದಿಂದ ಜೋರಾದ ಸ್ನಾಯುಸೆಳೆತ ಬರುತ್ತದೆ ಅಂತ 2014ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು ತೋರಿಸಿದೆ. ಟರಂಟುಲಾ ವಿಷದಿಂದ ಮನುಷ್ಯ ಸತ್ತದ್ದು ಮಾತ್ರ ಖಚಿತವಾಗಿ ಎಲ್ಲೂ ದಾಖಲಾಗಿಲ್ಲ.

ಇಷ್ಟೆಲ್ಲ ಓದಿ, ಹೆಸರಿನಲ್ಲೇನಿದೆ ಬಿಡಿ ಅಂತೀರಾ? ಇದೆ. ಮೆಕ್ಸಿಕೋದ ಕೆಂಪುಮಂಡಿಯ ಟರಂಟುಲಾ ನೋಡಿ. ಚೆಂದದ ಬಣ್ಣ, ನಿಧಾನ ನಡಿಗೆ, 'ಸಾಧು'ಗಳಲ್ಲೇ ಸಾಧು. ಹಾಗಾಗಿ ಎಲ್ಲರಿಗೂ ಅದೇ ಬೇಕು. ಕಾಡಿನಿಂದ ಎಷ್ಟು ಹಿಡಿದರೆಂದರೆ 1985ರಲ್ಲಿ ಅದನ್ನು ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿ ಮಾರಾಟಕ್ಕೆ ಕಡಿವಾಣ ಹಾಕಬೇಕಾಯಿತು. ಪ್ರಾಯಕ್ಕೆ ಬರಲು ವರ್ಷಗಟ್ಟಲೆ ಬೇಕು, ಹೆಣ್ಣು ಇಪ್ಪತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಅಂಥ ಜೀವವನ್ನು ಬಾಚಿಕೊಂಡು ಹೋದರೆ ಆ ಬೆಟ್ಟದಲ್ಲಿ ಮತ್ತೆ ತುಂಬುವುದು ಯಾವಾಗ? ಸಾಧು ಎತ್ತಿಗೆ ಎರಡು ಹೇರು ಅಂತಾರಲ್ಲ, ಹಾಗೆ.

ಮುಂಗೋಪಿ ಆದರೆ ಬಚಾವಾ? ಅದೂ ಇಲ್ಲ. ಬಳ್ಳಾರಿಯಿಂದ ಗುಂತಕಲ್ಲು ದಾಟಿ ಮುಂದೆ ಹೋದರೆ ಗುತ್ತಿ ಸಿಗುತ್ತದೆ. 1899ರಲ್ಲಿ ಪೊಕಾಕ್ ವರ್ಣಿಸಿದ ನೀಲಿ ಟರಂಟುಲಾ, ಪೀಸಿಲೋಥೀರಿಯಾ ಮೆಟಾಲಿಕಾ, ಸಿಕ್ಕಿದ್ದು ಗುತ್ತಿಯ ರೈಲ್ವೆ ಸೌದೆ ಅಂಗಳದಲ್ಲಿ. ಆಮೇಲೆ ನೂರು ವರ್ಷ ವಿಜ್ಞಾನಿಗಳ ಕಣ್ಣಿಗೆ ಬೀಳಲೇ ಇಲ್ಲ. 2001ರಲ್ಲಿ ಮತ್ತೆ ಕಂಡದ್ದು ಗುತ್ತಿಯಲ್ಲಲ್ಲ, ಅಲ್ಲಿಂದ ಸುಮಾರು ನೂರು ಕಿಲೋಮೀಟರು ದೂರದ, ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ. ಬಹುಶಃ ಮೊದಲನೆಯದು ಸೌದೆಯ ಜೊತೆ ರೈಲು ಹತ್ತಿ ಬಂದಿತ್ತು! ಅದರ ಕಾಡು ನೂರು ಚದರ ಕಿಲೋಮೀಟರಿಗೂ ಕಡಿಮೆ. 2008ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿ ಅಂತ ಗುರುತಿಸಿದರು. ಅಷ್ಟು ಹೊತ್ತಿಗಾಗಲೇ ಅದು ಯುರೋಪು, ಅಮೆರಿಕದ ಡಬ್ಬಿಗಳಲ್ಲಿ ಮರಿ ಹಾಕುತ್ತಿತ್ತು. ಸ್ವಭಾವದ ಕಾಲಮ್ಮಿನಲ್ಲಿ 'ಚುರುಕು, ಹುಷಾರು' ಅಂತಿದ್ದರೂ ಆ ನೀಲಿ ಬಣ್ಣದ ಮುಂದೆ ಯಾರಿಗೂ ಅದು ಲೆಕ್ಕಕ್ಕೆ ಬರಲಿಲ್ಲ. ಕೊನೆಗೆ 2019ರಲ್ಲಿ ಇಡೀ ಪೀಸಿಲೋಥೀರಿಯಾ ಕುಲವೇ ಸೈಟಿಸ್ ಪಟ್ಟಿ ಸೇರಿತು.

ಇನ್ನೊಂದು ತುದಿಯಲ್ಲಿ 2012ರ ಅಸ್ಸಾಂ. ಸದಿಯಾ ಕಡೆ ಟರಂಟುಲಾದಂಥ ಜೇಡಗಳು ಹಿಂಡುಹಿಂಡಾಗಿ ಬಂದವು, ಕಚ್ಚಿ ಇಬ್ಬರು ಸತ್ತರು ಅಂತ ಪತ್ರಿಕೆಗಳಲ್ಲೆಲ್ಲ ಸುದ್ದಿ. ಕಚ್ಚಿಸಿಕೊಂಡವರು ಮೊದಲು ಹೋದದ್ದು ನಾಟಿ ಮಂತ್ರವಾದಿಗಳ ಹತ್ತಿರ, ಅಲ್ಲಿ ಬ್ಲೇಡಿನಿಂದ ಗಾಯ ಕೊಯ್ದು ರಕ್ತ ಹರಿಸಿದರು ಅಂತಲೂ ವರದಿಗಳಿದ್ದವು. ಸಾವಿಗೆ ಜೇಡದ ವಿಷವೇ ಕಾರಣ ಅಂತ ಸಾಬೀತಾಗಲಿಲ್ಲ. ತಜ್ಞರು ಶಂಕಿಸಿದ್ದು ವುಡ್-ಮೇಸನ್ನನ ಕರಕರ ಜೇಡದ ಬಳಗವನ್ನೇ, ಕೈಲೋಬ್ರಾಕಿಸ್. ತರಾಂತೊ ಹೊಲದಿಂದ ಸದಿಯಾದವರೆಗೆ ಮುನ್ನೂರು ವರ್ಷಕ್ಕೂ ಹೆಚ್ಚು, ಕಥೆ ಮಾತ್ರ ಅದೇ.

ಇತ್ತೀಚೆಗೆ ಸಾಕುವವರಲ್ಲೇ ವಿವೇಕಿಗಳು 'ಆಕ್ರಮಣಕಾರಿ' ಅನ್ನುವ ಪದ ಬಿಟ್ಟು 'ಆತ್ಮರಕ್ಷಣೆಗೆ ನಿಲ್ಲುವಂಥದ್ದು' ಅನ್ನುತ್ತಿದ್ದಾರೆ. ಬರೀ ಪದದಾಟ ಅನ್ನಿಸಬಹುದು. ಆದರೆ ಮೊದಲನೇ ಪದ ಕೇಳಿದವನು ಕೈಗೆ ಪೊರಕೆ ತಗೋತಾನೆ. ಎರಡನೇದು ಕೇಳಿದವನು, ನಾನೇನು ಮಾಡಿದೆ ಅಂತ ಇದು ಹೀಗೆ ನಿಂತಿದೆ ಅಂತ ಒಂದು ಕ್ಷಣ ಯೋಚನೆ ಮಾಡ್ತಾನೆ. ಒಂದು ಜೇಡ ಉಳಿಯೋದಕ್ಕೆ ಎಷ್ಟೋ ಸಲ ಆ ಒಂದು ಕ್ಷಣ ಸಾಕು.

ಮುಂದಿನ ಸಲ ಶಿರಸಿ, ಯಲ್ಲಾಪುರದ ಕಡೆ ಹೋದಾಗ ರಸ್ತೆ ಪಕ್ಕದ ಧರೆಯಲ್ಲಿ ರೇಷ್ಮೆ ಅಂಚಿನ ಬಿಲ ಕಂಡರೆ ಕಡ್ಡಿ ಹಾಕಬೇಡಿ. ಒಳಗಿರುವವರ ಹೆಸರು 'ಉಗ್ರ' ಅಂತ ಇರಬಹುದು. ಅದು ಅವರೇ ಇಟ್ಟುಕೊಂಡ ಹೆಸರಲ್ಲ.