ಮಾಡಬೇಕಾದ ಕೆಲಸಗಳನ್ನು ಮೊಬೈಲಿನಲ್ಲಿ ಬರೆದಿಟ್ಟರೆ ನೆನಪಿನ ಶಕ್ತಿ ಕುಂದುತ್ತದೆಯೇ?

ಬಸವನಗುಡಿಯ ಮನೆಯಿಂದ ಗಾಂಧಿ ಬಜಾರಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಹೂವು, ವೀಳ್ಯದೆಲೆ ತರಬೇಕು. ಮೆಟ್ಟಿಲು ಇಳಿಯುವಾಗ ಅಮ್ಮನ ಬಿಪಿ ಮಾತ್ರೆ ಒಂದೇ ಉಳಿದಿರುವುದು ನೆನಪಾಗುತ್ತದೆ. 'ಬರುವಾಗ ತಂದರಾಯಿತು' ಎಂದುಕೊಳ್ಳುತ್ತೀರಿ. ಗೇಟಿನ ಹತ್ತಿರ ಪಕ್ಕದ ಮನೆಯವರು ನೀರಿನ ಬಿಲ್ಲಿನ ಮಾತು ತೆಗೆಯುತ್ತಾರೆ. ಅಷ್ಟರಲ್ಲಿ ಫೋನ್ ಬರುತ್ತದೆ. ಹೂವೂ ಬಂತು, ಎಲೆಯೂ ಬಂತು, ಮಾತ್ರೆ ಮಾತ್ರ ಬರಲಿಲ್ಲ. ಅದು ಮತ್ತೆ ನೆನಪಾಗುವುದು ರಾತ್ರಿ ಊಟವಾದ ಮೇಲೆ, ಮೆಡಿಕಲ್ ಸ್ಟೋರ್ ಬಾಗಿಲು ಹಾಕಿದ ಮೇಲೆ.

ಇದನ್ನು ಯಾರಿಗಾದರೂ ಹೇಳಿದರೆ ಎರಡು ಬಗೆಯ ಸಲಹೆ ಸಿಗುತ್ತದೆ. ಒಂದು, 'ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಬಾರದಿತ್ತೇ?' ಇನ್ನೊಂದು, 'ಎಲ್ಲವನ್ನೂ ಬರೆದಿಡುವ ಅಭ್ಯಾಸದಿಂದಲೇ ಮೆದುಳು ಸೋಮಾರಿಯಾಗಿದೆ, ನೆನಪಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ.' ಮನೆಯ ಗುಂಪುಗಳಲ್ಲಿ ಹೆಚ್ಚು ಹಂಚಿಕೆಯಾಗುವುದು ಎರಡನೆಯ ಮಾತು. ಅದು ಎಷ್ಟು ನಿಜ ಎಂದು ನೋಡೋಣ.

ಚುಟುಕಾಗಿ ಉತ್ತರ

ಮಾಡಬೇಕಾದ ಕೆಲಸವನ್ನು ಬರೆದಿಡುವುದರಿಂದ ನೆನಪಿನ ಶಕ್ತಿ ಹಾಳಾಗುತ್ತದೆ ಎನ್ನಲು ಆಧಾರವಿಲ್ಲ. ಬರೆದಿಟ್ಟ ವಿಷಯವನ್ನು ನಾವು ತಲೆಯಲ್ಲಿ ಕಡಿಮೆ ಉಳಿಸಿಕೊಳ್ಳುತ್ತೇವೆ ಎಂಬುದು ನಿಜ. ಆದರೆ ಅದರಿಂದ ತಲೆಗೆ ಬಿಡುವು ಸಿಗುತ್ತದೆ. ನಿಜವಾದ ತೊಂದರೆ ಇರುವುದು ತಡವಾಗಿ ಬರೆಯುವುದರಲ್ಲಿ. ಹೊಳೆದ ಕೆಲಸವನ್ನು ಕೆಲವೇ ಸೆಕೆಂಡುಗಳಲ್ಲಿ ಬರೆಯದಿದ್ದರೆ ಎಷ್ಟೇ ಒಳ್ಳೆಯ ಆ್ಯಪ್ ಇದ್ದರೂ ಉಪಯೋಗವಿಲ್ಲ.

ಈ ಭಯ ಹೊಸದಲ್ಲ

ಗ್ರೀಸ್ ದೇಶದ ತತ್ವಜ್ಞಾನಿ ಪ್ಲೇಟೋ ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆದ 'ಫೀಡ್ರಸ್' ಎಂಬ ಸಂವಾದದಲ್ಲಿ ಒಂದು ಕಥೆ ಬರುತ್ತದೆ. ಅಕ್ಷರಗಳನ್ನು ಕಂಡುಹಿಡಿದ ದೇವತೆಗೆ ಈಜಿಪ್ಟಿನ ರಾಜನೊಬ್ಬ, ಇದರಿಂದ ಜನ ಮರೆಗುಳಿಗಳಾಗುತ್ತಾರೆ ಎಂದು ಹೇಳುತ್ತಾನೆ. ಇಂದು ಮೊಬೈಲಿನ ಮೇಲಿರುವ ದೂರು ಅಂದು ಬರವಣಿಗೆಯ ಮೇಲೆಯೇ ಇತ್ತು.

ನಮ್ಮ ಹಿರಿಯರೂ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡವರಲ್ಲ. ಏನಾದರೂ ನೆನಪಿಡಬೇಕಾದರೆ ಅಜ್ಜಿ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ದಿನಸಿ ಅಂಗಡಿಗೆ ಚೀಟಿ ಹೋಗುತ್ತಿತ್ತು. ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳ ಅಡುಗೆಮನೆಯಲ್ಲಿ ಇಂದಿಗೂ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿರುತ್ತದೆ. ತಿಥಿ, ನಕ್ಷತ್ರ ನೋಡುವುದಕ್ಕೆ ಮಾತ್ರ ಅಲ್ಲ. ಹಾಲು ಎಷ್ಟು ಬಂತು, ಗ್ಯಾಸ್ ಯಾವತ್ತು ಬುಕ್ ಮಾಡಿದ್ದು, ಡಾಕ್ಟರ ಹತ್ತಿರ ಮತ್ತೆ ಯಾವಾಗ ಹೋಗಬೇಕು, ಎಲ್ಲವೂ ಅದರ ಚೌಕಗಳಲ್ಲಿ ಇರುತ್ತದೆ. ಅದರ ಪಕ್ಕದಲ್ಲೇ ದಾರ ಕಟ್ಟಿ ಒಂದು ಪೆನ್ಸಿಲ್ಲು ಇಳಿಬಿಟ್ಟಿರುತ್ತಾರೆ. ಆ ದಾರವನ್ನು ಗಮನಿಸಿ. ಪೆನ್ಸಿಲ್ಲು ಹುಡುಕಲು ಹೋದರೆ ವಿಷಯ ಮರೆತುಹೋಗುತ್ತದೆ ಎಂದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು.

ಮರೆಯಲು ಎಷ್ಟು ಹೊತ್ತು ಬೇಕು?

ಮನಃಶಾಸ್ತ್ರದಲ್ಲಿ 1959ರ ಒಂದು ಪ್ರಯೋಗ ಬಹಳ ಹೆಸರುವಾಸಿ. ಅಮೆರಿಕದ ಲಾಯ್ಡ್ ಪೀಟರ್ಸನ್ ಮತ್ತು ಮಾರ್ಗರೆಟ್ ಪೀಟರ್ಸನ್ ಭಾಗವಹಿಸಿದವರಿಗೆ ಅರ್ಥವಿಲ್ಲದ ಮೂರು ಅಕ್ಷರಗಳನ್ನು ಹೇಳಿ, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಕೇಳಿದರು. ಮನಸ್ಸಿನಲ್ಲೇ ಅಕ್ಷರಗಳನ್ನು ಮತ್ತೆ ಮತ್ತೆ ಹೇಳಿಕೊಳ್ಳದಂತೆ ತಡೆಯಲು ಈ ಉಪಾಯ. 18 ಸೆಕೆಂಡುಗಳ ನಂತರ ಕೇಳಿದಾಗ ಸರಿಯಾಗಿ ಹೇಳಿದ್ದು ಹತ್ತರಲ್ಲಿ ಸುಮಾರು ಒಂದು ಬಾರಿ ಮಾತ್ರ.

ಅಮ್ಮನ ಮಾತ್ರೆ ಅರ್ಥವಿಲ್ಲದ ಅಕ್ಷರವಲ್ಲ, ಅಷ್ಟು ಬೇಗ ಅಳಿಸಿಹೋಗುವುದಿಲ್ಲ. ಆದರೂ ಪಾಠ ಒಂದೇ. ಗಮನ ಬೇರೆ ಕಡೆ ಹೋದ ಕೂಡಲೇ ಈಗಷ್ಟೇ ಹೊಳೆದದ್ದು ಜಾರತೊಡಗುತ್ತದೆ. ಗೇಟಿನ ಹತ್ತಿರದ ನೀರಿನ ಬಿಲ್ಲಿನ ಮಾತು ಮಾಡಿದ್ದು ಅದನ್ನೇ.

ಇನ್ನೊಂದು ತೊಡಕೂ ಇದೆ. ಮಾತ್ರೆಯ ಹೆಸರೇನು ಎಂದು ಯಾರಾದರೂ ಕೇಳಿದ್ದರೆ ನೀವು ಹೇಳಿಬಿಡುತ್ತಿದ್ದಿರಿ. ಮಾತ್ರೆಯ ನೆನಪು ತಲೆಯಲ್ಲಿತ್ತು, ಬೇಕಾದ ಹೊತ್ತಿಗೆ ತಾನಾಗಿ ಮೇಲೆ ಬರಲಿಲ್ಲ ಅಷ್ಟೇ. ಮುಂದೆ ಮಾಡಬೇಕಾದುದನ್ನು ಸರಿಯಾದ ಹೊತ್ತಿಗೆ ನೆನೆಯುವುದನ್ನು ಸಂಶೋಧಕರು ಬೇರೆಯೇ ಬಗೆಯ ನೆನಪು ಎಂದು ಪರಿಗಣಿಸುತ್ತಾರೆ. ಪದ್ಯ ಬಾಯಿಪಾಠ ಮಾಡುವುದರಲ್ಲಿ ಗಟ್ಟಿಗರಾದವರೂ ಇದರಲ್ಲಿ ಸೋಲಬಹುದು. ಆದ್ದರಿಂದ ಮಾತ್ರೆ ಮರೆತವರನ್ನು 'ನಿಮಗೆ ಕಾಳಜಿಯೇ ಇಲ್ಲ' ಎಂದು ಬೈಯುವುದು ನ್ಯಾಯವಲ್ಲ.

ಹಾಗಾದರೆ ಮೆದುಳು ಸೋಮಾರಿಯಾಗುವುದು ಸುಳ್ಳೇ?

ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರಿನಲ್ಲಿ ಮಾಹಿತಿ ಉಳಿಯುತ್ತದೆ ಎಂದು ನಂಬಿದವರು ಆ ಮಾಹಿತಿಯನ್ನು ಕಡಿಮೆ ನೆನಪಿಟ್ಟುಕೊಂಡರು. ಫಾರ್ವರ್ಡ್‌ಗಳು ಇಲ್ಲಿಗೇ ನಿಲ್ಲುತ್ತವೆ.

ಕಥೆಯ ಉಳಿದ ಭಾಗ 2015ರಲ್ಲಿ ಬಂತು. ಬೆಂಜಮಿನ್ ಸ್ಟಾರ್ಮ್ ಮತ್ತು ಶಾನ್ ಸ್ಟೋನ್ ನಡೆಸಿದ ಪ್ರಯೋಗದಲ್ಲಿ, ಮೊದಲು ಓದಿದ ಫೈಲನ್ನು ಕಂಪ್ಯೂಟರಿನಲ್ಲಿ ಉಳಿಸಿದವರು ನಂತರ ಕೊಟ್ಟ ಹೊಸ ವಿಷಯವನ್ನು ಹೆಚ್ಚು ಚೆನ್ನಾಗಿ ಕಲಿತರು. ಮೊದಲನೆಯದನ್ನು ಹೊತ್ತುಕೊಂಡಿರುವ ಭಾರ ಇಳಿದಿತ್ತು. ಆದರೆ ಫೈಲು ಖಂಡಿತ ಉಳಿಯುತ್ತದೆ ಎಂಬ ನಂಬಿಕೆ ಇಲ್ಲದಿದ್ದಾಗ ಈ ಲಾಭವೂ ಇರಲಿಲ್ಲ. ಅಂದರೆ ಪಟ್ಟಿಯ ಮೇಲೆ ನಂಬಿಕೆ ಇದ್ದರಷ್ಟೇ ಮನಸ್ಸು ಕೈಬಿಡುತ್ತದೆ. ಅರ್ಧ ಚೀಟಿಯಲ್ಲಿ, ಅರ್ಧ ಆ್ಯಪಿನಲ್ಲಿ, ಉಳಿದದ್ದು ಬಸ್ ಟಿಕೆಟಿನ ಹಿಂದೆ ಬರೆದರೆ ಆ ನಂಬಿಕೆ ಬರುವುದಿಲ್ಲ.

ನಿದ್ದೆಗೂ ಇದಕ್ಕೂ ನಂಟಿದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಸ್ಕಲಿನ್ ಮತ್ತು ಸಂಗಡಿಗರು 57 ಯುವಜನರ ಮೇಲೆ ಒಂದು ಅಧ್ಯಯನ ಮಾಡಿದರು. ಮಲಗುವ ಮುನ್ನ ಐದು ನಿಮಿಷ, ಕೆಲವರು ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು. ಮಾಡಬೇಕಾದುದನ್ನು ಬರೆದವರು ಸರಾಸರಿ ಸುಮಾರು 9 ನಿಮಿಷ ಬೇಗ ನಿದ್ದೆ ಹೋದರು. ಇದು 2018ರಲ್ಲಿ ಪ್ರಕಟವಾಯಿತು. ಇದು ಸಣ್ಣ ಅಧ್ಯಯನ, ಒಂದೇ ರಾತ್ರಿಯದು. ಆದ್ದರಿಂದ ನಿದ್ದೆ ಬಾರದವರಿಗೆ ಇದೇ ಔಷಧಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಬೇಗ ಬರೆದಿಡುವುದು ಹೇಗೆ?

ಒಂದೇ ಜಾಗ ಇರಲಿ. ಗೂಗಲ್ ಕೀಪ್, ಗೂಗಲ್ ಟಾಸ್ಕ್ಸ್, ಮೈಕ್ರೋಸಾಫ್ಟ್ ಟು ಡೂ, ಯಾವುದಾದರೂ ಸರಿ, ಆದರೆ ಒಂದೇ. ಹೊಸ ಆ್ಯಪ್ ಬೇಡ ಎನ್ನುವವರಿಗೆ ವಾಟ್ಸಾಪ್ ಸಾಕು. 2022ರ ಕೊನೆಯಿಂದ ಅದರಲ್ಲಿ ನಮಗೆ ನಾವೇ ಸಂದೇಶ ಕಳುಹಿಸಿಕೊಳ್ಳಬಹುದು. ಸಂಪರ್ಕಗಳ ಪಟ್ಟಿಯಲ್ಲಿ ನಿಮ್ಮದೇ ಹೆಸರು ಹುಡುಕಿ, ಆ ಚಾಟನ್ನು ಮೇಲುಗಡೆ ಪಿನ್ ಮಾಡಿ. ದಿನಕ್ಕೆ ಹತ್ತು ಫಾರ್ವರ್ಡ್ ಕಳಿಸುವ ಕೈಗೆ ಇದು ಕಷ್ಟವೇನಲ್ಲ.

ಪೆನ್ಸಿಲ್ಲಿಗೆ ದಾರ ಕಟ್ಟಿ. ಆ್ಯಪಿನ ವಿಜೆಟ್ಟನ್ನು ಮೊಬೈಲಿನ ಮೊದಲ ಪರದೆಯಲ್ಲೇ ಇಡಿ. ಒಮ್ಮೆ ಒತ್ತಿದರೆ ಬರೆಯುವ ಜಾಗ ತೆರೆಯಬೇಕು.

ಮೊದಲು ಬರೆಯಿರಿ, ಆಮೇಲೆ ವಿಂಗಡಿಸಿ. ಯಾವ ಪಟ್ಟಿ, ಯಾವ ಬಣ್ಣ, ಎಷ್ಟು ಮುಖ್ಯ ಎಂದು ಆಗಲೇ ಆರಿಸುತ್ತಾ ಕುಳಿತರೆ ಆ 18 ಸೆಕೆಂಡು ಮುಗಿದೇಹೋಗುತ್ತದೆ. 'ಅಮ್ಮ ಬಿಪಿ ಮಾತ್ರೆ, ಇವತ್ತೇ' ಎಂದಿದ್ದರೆ ಸಾಕು.

ಟೈಪ್ ಮಾಡಲು ತಡವಾದರೆ ಮಾತನಾಡಿ. ಗೂಗಲ್ 2017ರ ಆಗಸ್ಟ್‌ನಲ್ಲಿ ಧ್ವನಿ ಟೈಪಿಂಗ್‌ಗೆ ಕನ್ನಡವನ್ನೂ ಸೇರಿಸಿತು. ಜಿಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆಯ್ಕೆ ಮಾಡಿ, ಮೈಕ್ ಗುರುತು ಒತ್ತಿ ಹೇಳಿದರೆ ಅಕ್ಷರವಾಗುತ್ತದೆ. ಒಂದೆರಡು ಪದ ತಪ್ಪಾದರೂ ಚಿಂತೆಯಿಲ್ಲ, ಓದುವವರು ನೀವೇ. ಸ್ಕೂಟರ್ ಓಡಿಸುವಾಗ ಹೊಳೆದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಯೇ ಬರೆಯಿರಿ.

ಯಾವಾಗ, ಎಲ್ಲಿ ಎಂಬುದನ್ನು ಸೇರಿಸಿ. 2011ರಲ್ಲಿ ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗಗಳಲ್ಲಿ, ಬಾಕಿ ಕೆಲಸಕ್ಕೆ ಸ್ಪಷ್ಟ ಯೋಜನೆ ಮಾಡಿಕೊಂಡವರಿಗೆ ಕೆಲಸ ಮುಗಿಯದಿದ್ದರೂ ಅದರ ಯೋಚನೆಯ ಕಾಟ ಕಡಿಮೆಯಾಯಿತು. 'ಸಂಪಿಗೆ ರಸ್ತೆಯಲ್ಲಿ, ಸಂಜೆ 6ಕ್ಕೆ' ಎಂದು ಸಂಜೆ ಬಿಡುವಾದಾಗ ಸೇರಿಸಿದರೂ ನಡೆಯುತ್ತದೆ. ದಿನಕ್ಕೊಮ್ಮೆ ಪಟ್ಟಿಯನ್ನು ತೆರೆದು ನೋಡುವುದು ಮಾತ್ರ ತಪ್ಪಬಾರದು.

ಎಚ್ಚರ ಬೇಕಾದ ಕಡೆ

ಎಟಿಎಂ ಪಿನ್, ಪಾಸ್‌ವರ್ಡ್, ಒಟಿಪಿ ಯಾವುದನ್ನೂ ಇಂಥ ಪಟ್ಟಿಯಲ್ಲಿ ಬರೆಯಬೇಡಿ.

ಮಾತ್ರೆ ತರುವುದಕ್ಕೆ ಪಟ್ಟಿ ಸಾಕು. ಮಾತ್ರೆ ನುಂಗುವುದಕ್ಕೆ ಅಲಾರಂ ಇಡಿ, ಜೊತೆಗೆ ದಿನಕ್ಕೊಂದು ಖಾನೆ ಇರುವ ಡಬ್ಬಿ ಬಳಸಿ. ಖಾನೆ ಖಾಲಿಯಿದ್ದರೆ ನುಂಗಿದ್ದಾಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ನುಂಗಿದ್ದೇವೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಂದು ನುಂಗಬೇಡಿ, ವೈದ್ಯರನ್ನು ಅಥವಾ ಔಷಧಿ ಅಂಗಡಿಯ ಫಾರ್ಮಸಿಸ್ಟರನ್ನು ಕೇಳಿ.

ಮನೆಯ ಹಿರಿಯರು ಗೊತ್ತಿರುವ ದಾರಿಯನ್ನೇ ತಪ್ಪುತ್ತಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರೆ, ಲೆಕ್ಕಪತ್ರದಲ್ಲಿ ಹೊಸದಾಗಿ ಎಡವುತ್ತಿದ್ದರೆ ಅದನ್ನು ಮೊಬೈಲಿನ ಅಭ್ಯಾಸ ಎಂದು ತಳ್ಳಿಹಾಕಬೇಡಿ. ವೈದ್ಯರಿಗೆ ತೋರಿಸಿ. ಬೇಗ ತೋರಿಸಿದಷ್ಟೂ ಒಳ್ಳೆಯದು.

ಫಾರ್ವರ್ಡ್ ಮಾಡುವ ಮುನ್ನ

'ಬರೆಯಬೇಡಿ, ನೆನಪಿಟ್ಟುಕೊಳ್ಳಿ' ಎಂಬ ಸಂದೇಶ ಯಾರಿಗೂ ಕೆಡುಕು ಮಾಡದ ಮಾತಿನಂತೆ ಕಾಣುತ್ತದೆ. ಆದರೆ ಅದನ್ನು ನಂಬಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ಬಿಡುವವರು ಹೆಚ್ಚಾಗಿ ಹಿರಿಯರೇ. ದಿನಕ್ಕೆ ನಾಲ್ಕಾರು ಮಾತ್ರೆ ನುಂಗುವವರೂ ಅವರೇ. ಅವರು ಮೊಬೈಲಿಗೆ ಒಗ್ಗದಿದ್ದರೆ ಬಲವಂತ ಬೇಡ. ಅಡುಗೆಮನೆಯ ಕ್ಯಾಲೆಂಡರ್ ಹಾಗೆಯೇ ಇರಲಿ, ಪೆನ್ಸಿಲ್ಲಿನ ದಾರ ಹರಿದಿದ್ದರೆ ಹೊಸದು ಕಟ್ಟಿಕೊಡಿ.